ಅಡ್ಡಹೆಸರಿನಲ್ಲಿ ಉಳಿದ ಕುಲುಮೆ

ಉತ್ತರ ಕರ್ನಾಟಕದ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆಯಿರಿ, ಹಳೆಯ ಊರಿನ ಕಸುಬುಗಳೆಲ್ಲ ಅಲ್ಲಿ ಸಿಗುತ್ತವೆ: ಕಂಬಾರ, ಬಡಿಗೇರ, ಪತ್ತಾರ, ಹೂಗಾರ, ಗಾಣಿಗೇರ, ಸಿಂಪಿಗೇರ. ಹಳೆ ಮೈಸೂರಿನ ಕಡೆ ಊರು, ತಂದೆಯ ಹೆಸರು ಇನಿಷಿಯಲ್ ಆಗುತ್ತವೆ. ಇಲ್ಲಿ ಅಡ್ಡಹೆಸರೇ ಮನೆತನದ ಗುರುತು. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಬಂದಾಗ ಇವುಗಳಲ್ಲೊಂದು ದೇಶಕ್ಕೆಲ್ಲ ಪರಿಚಯವಾಯಿತು.

ಕಂಬಾರ ಊರಿನ ಆಯಗಾರರಲ್ಲೊಬ್ಬ. ವರ್ಷವಿಡೀ ರೈತರ ಕುಡ, ಕುಡಗೋಲು, ಕುರ್ಚಿಗಿ ಹಣಿದುಕೊಟ್ಟು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳಿನ ಆಯ ತರುತ್ತಿದ್ದ.

ಅವನ ಜಾಣ್ಮೆಯೆಲ್ಲ ಕಾಣುತ್ತಿದ್ದುದು ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುವಾಗ. ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಇಳಿವಯಸ್ಸಿನ ಕಂಬಾರಜ್ಜ ಅದನ್ನು ಕೈಯಲ್ಲೇ ಅಭಿನಯಿಸಿ ತೋರಿಸಿದರು. ಬಡಿಗೇರ ಮಾಡಿಕೊಟ್ಟ ಗಾಲಿಯ ಸುತ್ತಳತೆಗಿಂತ ಹಳಿ ಬೆರಳಷ್ಟು ಗಿಡ್ಡ ಇರಬೇಕು. ಅದನ್ನು ನೆಲದ ಮೇಲಿಟ್ಟು, ಸುತ್ತ ಕುಳ್ಳು ಒಟ್ಟಿ ಬೆಂಕಿ ಹಾಕುತ್ತಾರೆ. ಕೆಂಪಗೆ ಕಾದು ಹಿಗ್ಗಿದ ಹಳಿಯನ್ನು ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ ಬಡಿಯುತ್ತಾರೆ. ಕಟ್ಟಿಗೆ ಹೊಗೆಯಾಡಿ ಹೊತ್ತಿಕೊಳ್ಳುವಷ್ಟರಲ್ಲಿ ಕೊಡಗಟ್ಟಲೆ ನೀರು ಸುರಿಯಬೇಕು. ಆರುತ್ತ ಕುಗ್ಗುವ ಕಬ್ಬಿಣ ಅರಗಳನ್ನೆಲ್ಲ ಒಳಕ್ಕೆ ಬಿಗಿಯುತ್ತದೆ. ಮೊಳೆಯ ಹಂಗಿಲ್ಲದೆ ಗಾಲಿ ಒಂದಾಗುತ್ತದೆ. “ಭಾಳ ಗಿಡ್ಡ ಆದ್ರ ಗಾಲಿ ಸೀಳತೈತ್ರಿ, ಸಡಿಲ ಆದ್ರ ದಾರ್ಯಾಗ ಕಳಚತೈತ್ರಿ,” ಎಂದರು ಅಜ್ಜ. ಉಷ್ಣಕ್ಕೆ ಲೋಹ ಹಿಗ್ಗುವ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಯೋಗಶಾಲೆಯನ್ನು ನಾನಂತೂ ನೋಡಿಲ್ಲ.

ಕುಲಕರ್ಣಿಯೂ ಇಂಥದೇ ಕಸುಬಿನ ಅಡ್ಡಹೆಸರು; ಊರಿನ ಲೆಕ್ಕ ಬರೆಯುವ ಆ ವಂಶಪಾರಂಪರ್ಯ ವತನವನ್ನು 1950ರ ಮುಂಬಯಿ ಕಾಯ್ದೆ ರದ್ದು ಮಾಡಿತು. ಹೆಸರು ಮಾತ್ರ ಉಳಿಯಿತು. ಕಂಬಾರಿಕೆಯನ್ನು ಯಾವ ಕಾಯ್ದೆಯೂ ಮುಟ್ಟಲಿಲ್ಲ. ಟ್ರ್ಯಾಕ್ಟರ್ ಬಂತು, ಬಂಡಿಗೆ ರಬ್ಬರ್ ಟೈರು ಬಂತು, ಸಂತೆಗೆ ಕಾರ್ಖಾನೆಯ ಕುಡಗೋಲು ಬಂತು. ಈಗ ಅಜ್ಜ ಹಳೇ ಲಾರಿಯ ಪಾಟಾ ಕಾಸಿ ಕೊಡಲಿ ಮಾಡುತ್ತಾರೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಇದೆ, ಸಲಕರಣೆಗೆ 15,000 ರೂಪಾಯಿ ಸಿಗುತ್ತದೆ. ಒಳ್ಳೆಯದೇ. ಆದರೆ ಕೆಲಸ ತರುವ ಗಿರಾಕಿಯೂ ಬೇಕಲ್ಲ.

ಅಜ್ಜನ ಮೊಮ್ಮಗ ಹುಬ್ಬಳ್ಳಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ಅಂಗಡಿಯ ಬೋರ್ಡಿನ ಮೇಲೆ ‘ಕಂಬಾರ’ ಎಂದು ದೊಡ್ಡದಾಗಿ ಬರೆಸಿದ್ದಾನೆ. ಊರಲ್ಲಿ ಎಂದಾದರೂ ಕಟ್ಟಿಗೆ ಗಾಲಿಯ ಕೆಲಸ ಬಂದರೂ ಅಜ್ಜ ಒಪ್ಪಿಕೊಳ್ಳುವುದಿಲ್ಲ. ಅಳತೆ ಅವರಿಗೆ ಮರೆತಿಲ್ಲ; ಕಾದ ಹಳಿ ಎತ್ತಲು ಗೊತ್ತಿರುವ ನಾಲ್ಕು ಜನ ಈಗ ಕೂಡುವುದಿಲ್ಲ.