ವಾರಾನ್ನದಿಂದ ವಿದ್ಯಾರ್ಥಿವೇತನದವರೆಗೆ

ನಮ್ಮ ನಾಡಿನಲ್ಲಿ ವಿದ್ಯಾರ್ಥಿಗೆ ಮೊದಲು ಒದಗಿದ ಸಹಾಯ ಹಣದ ರೂಪದಲ್ಲಿ ಬಂದುದಲ್ಲ, ಅನ್ನದ ರೂಪದಲ್ಲಿ ಬಂದುದು. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗನು ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಮತ್ತೊಬ್ಬರ ಮನೆಯಲ್ಲಿ, ಹೀಗೆ ಏಳು ಮನೆಗಳಲ್ಲಿ ಊಟಮಾಡಿ ವಾರವನ್ನು ಕಳೆಯುತ್ತಿದ್ದನು. ಇದಕ್ಕೆ ವಾರಾನ್ನವೆಂದು ಹೆಸರು. ಅದರಲ್ಲಿ ಔದಾರ್ಯವಿದ್ದುದು ನಿಜ. ಆದರೆ ಆ ಔದಾರ್ಯವು ಜಾತಿಯ ಬೇಲಿಯನ್ನು ದಾಟುತ್ತಿದ್ದುದು ಅಪರೂಪ. ಹೆಣ್ಣುಮಕ್ಕಳಿಗಂತೂ ಅದು ಇರಲೇ ಇಲ್ಲ. ಕೊಡುವವರ ಮನಸ್ಸು ತಿರುಗಿದರೆ ವಾರದ ಒಂದು ದಿನ ಉಪವಾಸವೇ ಗತಿ. ಈ ಸಹಾಯವು ದಾಕ್ಷಿಣ್ಯದಿಂದ ಹಕ್ಕಿಗೆ ಹೇಗೆ ಬೆಳೆಯಿತು, ಇಂದಿನ ವಿದ್ಯಾರ್ಥಿಗೆ ಯಾವ ಯಾವ ಬಾಗಿಲುಗಳು ತೆರೆದಿವೆ, ತೆರೆದ ಬಾಗಿಲಿನ ಮುಂದೆಯೂ ಕೆಲವರು ಏಕೆ ನಿಂತುಬಿಡುತ್ತಾರೆ ಎಂಬ ಮೂರು ವಿಷಯಗಳನ್ನು ಕುರಿತು ನಾವು ಇಲ್ಲಿ ಸಂಕ್ಷೇಪವಾಗಿ ವಿಚಾರಮಾಡೋಣ.

ಸರ್ಕಾರದ ಸಹಾಯವು ಒಬ್ಬ ಪ್ರತಿಭಾವಂತನಿಗೆ ಸಕಾಲದಲ್ಲಿ ದೊರೆತರೆ ದೇಶಕ್ಕೆ ಏನು ಲಭಿಸುವುದೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವುಂಟು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮನೆಪಾಠ ಹೇಳಿ ತಮ್ಮ ವೆಚ್ಚವನ್ನು ತೂಗಿಸಿಕೊಂಡವರು. ೧೮೮೧ರಲ್ಲಿ ಬಿ.ಎ. ತೇರ್ಗಡೆಯಾದ ಮೇಲೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, ೧೮೮೩ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಅವರು ದಿವಾನರಾಗಿದ್ದ ೧೯೧೬ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಪಡೆದ ನೆರವು ಹೀಗೆ ನಾಡಿಗೆ ಹಲವು ಪಾಲಾಗಿ ಹಿಂದಿರುಗಿತು.

ಆದರೆ ಪ್ರತಿಭೆಗೆ ಬಹುಮಾನ ಕೊಡುವುದು ಒಂದು, ಅವಕಾಶವನ್ನೇ ಕಾಣದ ಸಮುದಾಯಗಳಿಗೆ ದಾರಿಮಾಡಿಕೊಡುವುದು ಮತ್ತೊಂದು. ೧೯೧೮ರಲ್ಲಿ ಮೈಸೂರು ಸರ್ಕಾರವು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಮರುವರ್ಷ ಅದು ಕೊಟ್ಟ ವರದಿಯು ಸರ್ಕಾರಿ ಹುದ್ದೆಗಳ ಹಂಚಿಕೆಯ ಜೊತೆಗೆ ಹಿಂದುಳಿದ ವರ್ಗಗಳ ವಿದ್ಯಾರ್ಥಿವೇತನದ ವಿಷಯವನ್ನೂ ಎತ್ತಿಹಿಡಿಯಿತು. ಓದಿಲ್ಲದವರಿಗೆ ಹುದ್ದೆಯನ್ನು ಮೀಸಲಿಟ್ಟು ಫಲವಿಲ್ಲ. ಮೊದಲು ಓದಿಗೆ ದಾರಿಯಾಗಬೇಕು. ಇಂದಿನ ಯೋಜನೆಗಳಿಗೆಲ್ಲ ತಳಹದಿಯಾಗಿರುವುದು ಈ ಸರಳವಾದ ತರ್ಕವೇ.

ತುಮಕೂರಿನವರಿಗೆ ಮೂರನೆಯದೊಂದು ಮಾದರಿಯೂ ಚಿರಪರಿಚಿತವಾಗಿದೆ. ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮಿಗಳು ತಾವೇ ತುಮಕೂರಿನಲ್ಲಿ ಹೈಸ್ಕೂಲನ್ನೂ ಸೆಂಟ್ರಲ್ ಕಾಲೇಜಿನಲ್ಲಿ ಉನ್ನತ ವಿದ್ಯೆಯನ್ನೂ ಕಂಡವರು. ೧೯೩೦ರಲ್ಲಿ ಸನ್ಯಾಸ ಸ್ವೀಕರಿಸಿದಂದಿನಿಂದ ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ಒದಗಿಸಿದರು. ಏಳು ಮನೆಯ ವಾರಾನ್ನವು ಇಲ್ಲಿ ಒಂದೇ ಪಂಕ್ತಿಯ ದಾಸೋಹವಾಯಿತು.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. ೨೦೦೪ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಜಿಲ್ಲೆಯ ಮಕ್ಕಳಿಗೆ ಸ್ನಾತಕೋತ್ತರ ವಿದ್ಯೆಯು ಮನೆಯ ಹತ್ತಿರಕ್ಕೆ ಬಂದಿದೆ. ಗುಬ್ಬಿ ತಾಲ್ಲೂಕಿನ ಸಣ್ಣ ಹಿಡುವಳಿದಾರರೊಬ್ಬರ ಮಗಳು ಪಿ.ಯು.ಸಿ. ಮುಗಿಸಿ ನಗರದಲ್ಲಿ ಬಿ.ಎಸ್‌ಸಿ. ಸೇರಿ, ಉಪ್ಪಾರಹಳ್ಳಿಯಲ್ಲಿ ಗೆಳತಿಯರೊಡನೆ ಒಂದು ಬಾಡಿಗೆ ಕೊಠಡಿಯಲ್ಲಿದ್ದಾಳೆಂದು ಭಾವಿಸೋಣ. ಅವಳ ಪಾಲಿಗೆ ಏನೇನು ಉಂಟು?

ಮೊದಲನೆಯದು ರಾಜ್ಯ ಸರ್ಕಾರದ ಸಹಾಯ. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಸಮುದಾಯಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ಈಗ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಸ್.ಎಸ್.ಪಿ.ಯಲ್ಲಿ, ಅರ್ಜಿ ಸಲ್ಲಿಸಬೇಕು. ಹಿಂದಿನಂತೆ ಇಲಾಖೆಯಿಂದ ಇಲಾಖೆಗೆ ಅಲೆಯಬೇಕಾಗಿಲ್ಲ. ಹಿಂದುಳಿದ ವರ್ಗದವರಾಗಿ, ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದವರಿಗೆ ೨೦೧೩–೧೪ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆಯುಂಟು. ಊಟ ವಸತಿಗಳಿಗಾಗಿ ತಿಂಗಳಿಗೆ ೧,೫೦೦ ರೂಪಾಯಿಯಂತೆ ಹತ್ತು ತಿಂಗಳು, ಒಟ್ಟು ೧೫,೦೦೦ ರೂಪಾಯಿ ಎಂದು ಅದನ್ನು ಗೊತ್ತುಮಾಡಲಾಯಿತು. ೨೦೨೧ರಲ್ಲಿ ರೈತರ ಮಕ್ಕಳಿಗಾಗಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಓದುವ ಹುಡುಗರಿಗೆ ವರ್ಷಕ್ಕೆ ೫,೦೦೦, ಹುಡುಗಿಯರಿಗೆ ೫,೫೦೦ ರೂಪಾಯಿ ಎಂದು ನಿಗದಿಯಾಯಿತು.

ಎರಡನೆಯದು ಕೇಂದ್ರ ಸರ್ಕಾರದ್ದು. ಕಾಲೇಜು ಮತ್ತು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗಾಗಿ ಇರುವ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಜಾತಿಯ ಕಟ್ಟುಪಾಡಿಲ್ಲ. ಕುಟುಂಬದ ವಾರ್ಷಿಕ ವರಮಾನವು ನಾಲ್ಕೂವರೆ ಲಕ್ಷ ರೂಪಾಯಿಯನ್ನು ಮೀರಿರಬಾರದು. ದೇಶದಲ್ಲಿ ವರ್ಷಕ್ಕೆ ೮೨,೦೦೦ ಹೊಸ ವೇತನಗಳು. ಅವುಗಳಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ ೧೨,೦೦೦, ಸ್ನಾತಕೋತ್ತರ ವ್ಯಾಸಂಗಕ್ಕೆ ೨೦,೦೦೦ ರೂಪಾಯಿ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅವಶ್ಯ. ಇದಕ್ಕೆ ಬೇಕಾಗಿರುವುದು ‘೮೦ನೆಯ ಪರ್ಸೆಂಟೈಲ್’. ಶೇಕಡ ೮೦ ಅಂಕವಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದ ನೂರು ಮಂದಿಯನ್ನು ಅಂಕಗಳ ಕ್ರಮದಲ್ಲಿ ನಿಲ್ಲಿಸಿದರೆ ಮೇಲಿನ ಇಪ್ಪತ್ತು ಮಂದಿಯಲ್ಲಿ ಒಬ್ಬರಾಗಿರಬೇಕು ಎಂಬುದು ಅದರ ತಾತ್ಪರ್ಯ. ಈ ಭೇದವನ್ನು ತಿಳಿಯದೆ ‘ನಮಗೆ ಅಷ್ಟು ಅಂಕ ಬಂದಿಲ್ಲ’ ಎಂದು ಅರ್ಜಿಯನ್ನೇ ಹಾಕದವರು, ಅಂಕವೊಂದನ್ನೇ ನೆಚ್ಚಿ ಸಿಕ್ಕೇ ಸಿಗುವುದೆಂದು ಕುಳಿತವರು, ಇಬ್ಬರೂ ನಿರಾಶರಾಗುವರು. ಈ ವೇತನವನ್ನು ಪಡೆಯುವವರು ಬೇರೆ ವಿದ್ಯಾರ್ಥಿವೇತನವನ್ನು ಜೊತೆಯಲ್ಲಿ ಪಡೆಯುವಂತಿಲ್ಲ. ಪ್ರತಿವರ್ಷವೂ ಅರ್ಧದಷ್ಟು ಅಂಕ, ಮುಕ್ಕಾಲು ಪಾಲು ಹಾಜರಿಗಳೊಡನೆ ಅದನ್ನು ನವೀಕರಿಸಿಕೊಳ್ಳಬೇಕು. ಆದಕಾರಣ ಯಾವುದು ತನಗೆ ಹೆಚ್ಚು ಪ್ರಯೋಜನಕಾರಿಯೆಂದು ಮೊದಲೇ ಲೆಕ್ಕ ಹಾಕಿಕೊಳ್ಳುವುದು ವಿವೇಕ.

ಲೆಕ್ಕವೆಂದ ಮೇಲೆ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ವರ್ಷಕ್ಕೆ ೧೨,೦೦೦ ರೂಪಾಯಿ ಎಂದರೆ ತಿಂಗಳಿಗೆ ಒಂದು ಸಾವಿರ. ನಗರದಲ್ಲಿ ಕೊಠಡಿಯ ಬಾಡಿಗೆ, ಊಟ, ಪುಸ್ತಕ ಎಲ್ಲವೂ ಇದರಿಂದ ನಡೆಯುವುದೆಂದು ಯಾರೂ ಹೇಳಲಾರರು. ೨೦೨೩ರ ಜೂನ್ ೧೧ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ದೊರೆತುದರಿಂದ ಗುಬ್ಬಿ, ಕುಣಿಗಲುಗಳ ಕಡೆಯ ಹುಡುಗಿಯರು ದಿನವೂ ಮನೆಯಿಂದಲೇ ಬಂದುಹೋಗುವುದು ಸಾಧ್ಯವಾಗಿದೆ. ಆದರೆ ಹೋಗಿಬರುವ ಹೊತ್ತು ಓದಿನ ಹೊತ್ತಿನಿಂದಲೇ ಕಳೆಯುವುದು. ವಿದ್ಯಾರ್ಥಿವೇತನವು ಇಡೀ ಹೊರೆಯನ್ನು ಹೊರುವ ಎತ್ತಲ್ಲ. ಏರಿನಲ್ಲಿ ಗಾಡಿಯನ್ನು ಹಿಂದಿನಿಂದ ನೂಕುವ ಕೈ. ಆ ಕೈ ಏರು ಮುಗಿದ ಮೇಲೆ ಬಂದರೆ ಫಲವೇನು? ಶುಲ್ಕ ಕಟ್ಟುವುದು ವರ್ಷದ ಆರಂಭದಲ್ಲಿ. ವೇತನದ ಹಣ ಅನೇಕ ವೇಳೆ ಪರೀಕ್ಷೆಯ ಹೊತ್ತಿಗೆ ಕೈಸೇರುವುದು. ನಡುವಣ ತಿಂಗಳುಗಳಲ್ಲಿ ಮನೆಯಲ್ಲಿ ‘ಇಷ್ಟು ಓದಿದ್ದು ಸಾಕು’ ಎಂಬ ಮಾತು ಹುಟ್ಟುತ್ತದೆ. ಅಣ್ಣನಿಗಲ್ಲ, ತಂಗಿಗೆ ಆ ಮಾತು ಮೊದಲು ತಗಲುತ್ತದೆ. ನಮ್ಮ ಮುಂದಿರುವ ಪ್ರಶ್ನೆಯ ತಿರುಳು ಇದೇ.

ಹಣ ತಡವಾಗಲು ಸರ್ಕಾರದ ಖಜಾನೆಯೊಂದೇ ಕಾರಣವಲ್ಲ. ಈಗ ಹಣವು ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಆ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಎರಡು ಖಾತೆಗಳಿದ್ದರೆ ಜೋಡಣೆಯಾದ ಖಾತೆಗೇ ಹಣ ಹೋಗುವುದು; ಬಹುಕಾಲ ಬಳಸದೆ ನಿಂತುಹೋದ ಖಾತೆಯಾಗಿದ್ದರೆ ಅದು ಹಿಂದಿರುಗುವುದು. ಆಧಾರಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನಿಷಿಯಲ್ ಸಹಿತವಾದ ಮತ್ತೊಂದು ಹೆಸರು ಇದ್ದರೂ ಅರ್ಜಿ ಮುಂದೆ ಸಾಗದು. ಜಾತಿ ಮತ್ತು ವರಮಾನದ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಪಡೆದು ಅದರ ಅವಧಿಯನ್ನು ನೋಡಿಕೊಳ್ಳಬೇಕು. ದಾಖಲೆಗಳಿಗೆ ಇ-ದೃಢೀಕರಣ ಬೇಕಾದಲ್ಲಿ ಕಾಲೇಜಿನಲ್ಲಿ ಅದಕ್ಕೆ ನೇಮಕವಾದ ಅಧಿಕಾರಿಯನ್ನು ಕಾಣಬೇಕು. ರೈತ ವಿದ್ಯಾನಿಧಿಗೆ ತಂದೆತಾಯಿಗಳ ಜಮೀನು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿರಬೇಕು. ಇವು ಕ್ಷುಲ್ಲಕವೆಂದು ತೋರಬಹುದು. ಒಂದು ಅಕ್ಷರದ ವ್ಯತ್ಯಾಸದಿಂದ ಒಂದು ವರ್ಷದ ಸಹಾಯ ತಪ್ಪಿದ ಮನೆಯವರಿಗೆ ಅವು ಕ್ಷುಲ್ಲಕವಲ್ಲ.

ಇನ್ನು ಪದವಿಯಾದ ಮೇಲಿನ ಮಾತು. ಕರ್ನಾಟಕದಲ್ಲಿ ೨೦೨೪–೨೫ರಿಂದ ಸಾಮಾನ್ಯ ಪದವಿಗೆ ಮತ್ತೆ ಮೂರು ವರ್ಷಗಳ ಕ್ರಮವೇ ಬಂದಿದೆ. ಮೂರನೆಯ ವರ್ಷದ ಆರಂಭದಲ್ಲಿಯೇ ಮುಂದಿನ ದಾರಿಯನ್ನು ನಿಶ್ಚಯಿಸಬೇಕು. ಏಕೆಂದರೆ ಪ್ರವೇಶಪರೀಕ್ಷೆಗಳ ಅರ್ಜಿಯ ಕಾಲವು ಪದವಿಯ ಫಲಿತಾಂಶಕ್ಕಾಗಿ ಕಾಯುವುದಿಲ್ಲ. ಐ.ಐ.ಟಿ.ಗಳಲ್ಲಿ ಎಂ.ಎಸ್‌ಸಿ. ಓದಬಯಸುವವರಿಗೆ ‘ಜ್ಯಾಮ್’ ಪರೀಕ್ಷೆ; ಎಂಜಿನಿಯರಿಂಗ್ ಪದವೀಧರರಿಗೆ ‘ಗೇಟ್’. ಎರಡೂ ಸಾಮಾನ್ಯವಾಗಿ ಫೆಬ್ರವರಿಯ ಸುಮಾರಿಗೆ ನಡೆಯುವುವು. ಅರ್ಜಿ ಹಿಂದಿನ ವರ್ಷದಲ್ಲಿಯೇ. ಅಧ್ಯಾಪಕ ವೃತ್ತಿಗೂ ಸಂಶೋಧನೆಗೂ ‘ನೆಟ್’ ಪರೀಕ್ಷೆಯುಂಟು. ಅದರಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಅರ್ಹರಾದವರಿಗೆ ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿ, ಎರಡು ವರ್ಷಗಳ ಮೇಲೆ ೪೨,೦೦೦ ರೂಪಾಯಿ ಎಂದು ಗೊತ್ತಾಗಿದೆ. ಎಂ.ಎ. ಮುಗಿಸಿದ ಮಗಳು ಮುಂದೆ ಓದುವುದೆಂದರೆ ತಂದೆಗೆ ಹೊರೆಯೆಂಬ ಅಭಿಪ್ರಾಯವು ಈ ಅಂಕಿಗಳ ಮುಂದೆ ನಿಲ್ಲಲಾರದು.

ಎಲ್ಲರೂ ಸಂಶೋಧಕರಾಗಬೇಕೆಂದು ನಾವು ಹೇಳುವುದಿಲ್ಲ. ಕೈಕೆಲಸವನ್ನು ಕಲಿಯುತ್ತ ಸಂಬಳವನ್ನೂ ಪಡೆಯುವ ಶಿಶಿಕ್ಷು ತರಬೇತಿಗೆ ೧೯೬೧ರ ಕಾಯಿದೆಯೇ ಆಧಾರ. ಅದು ಕೇವಲ ಐ.ಟಿ.ಐ. ಓದಿದವರಿಗೆಂದು ಅನೇಕರು ಭಾವಿಸಿದ್ದಾರೆ. ಎಂಜಿನಿಯರಿಂಗ್ ಪದವೀಧರರು ಎಪ್ಪತ್ತರ ದಶಕದಲ್ಲಿಯೇ, ಇತರ ಪದವೀಧರರು ೨೦೧೪ರ ತಿದ್ದುಪಡಿಯಿಂದ ಅದರ ವ್ಯಾಪ್ತಿಗೆ ಬಂದಿದ್ದಾರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ೬೧೫ ಎಕರೆ ನೆಲದಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು ೨೦೨೩ರ ಫೆಬ್ರವರಿ ೬ರಂದು ಉದ್ಘಾಟನೆಯಾಯಿತು. ತುಮಕೂರಿನ ಬಳಿ ವಸಂತನರಸಾಪುರದ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆ ಊರಿಗೆ ಬಂದಮಾತ್ರಕ್ಕೆ ಕೆಲಸವು ಊರವರಿಗೆ ಬರುವುದಿಲ್ಲ. ಅದಕ್ಕೆ ತಕ್ಕ ವಿದ್ಯೆಯನ್ನು ಹೊಂದಿದವರಿಗೆ ಬರುವುದು. ಪದವಿಯಾಗಿ ೧೮೦ ದಿನಗಳಾದರೂ ಉದ್ಯೋಗ ದೊರೆಯದವರಿಗೆ ೨೦೨೪ರ ಜನವರಿಯಲ್ಲಿ ಆರಂಭವಾದ ಯುವನಿಧಿಯಿಂದ ತಿಂಗಳಿಗೆ ೩,೦೦೦, ಡಿಪ್ಲೊಮಾದವರಿಗೆ ೧,೫೦೦ ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಎಂದು ನಿಯಮವಾಯಿತು. ಇದನ್ನು ವಿಶ್ರಾಂತಿಗೆ ಕೊಟ್ಟ ವೇತನವೆಂದು ತಿಳಿಯದೆ, ಒಂದು ಹೊಸ ಕೌಶಲವನ್ನು ಕಲಿಯಲು ಕೊಟ್ಟ ಅವಕಾಶವೆಂದು ತಿಳಿಯಬೇಕು.

ಹೊರದೇಶದ ವ್ಯಾಸಂಗವು ಶ್ರೀಮಂತರಿಗೆ ಮಾತ್ರವೆಂಬುದೂ ಪೂರ್ತಿಯಾಗಿ ನಿಜವಲ್ಲ. ಜೆ. ಎನ್. ಟಾಟಾ ಅವರು ೧೮೯೨ರಲ್ಲಿಯೇ ಇದಕ್ಕಾಗಿ ಒಂದು ನಿಧಿಯನ್ನು ಸ್ಥಾಪಿಸಿ, ಸಹಾಯವನ್ನು ಸಾಲದ ರೂಪದಲ್ಲಿ ಕೊಡುವ ಕ್ರಮವನ್ನು ಹಾಕಿಕೊಟ್ಟರು. ಒಬ್ಬನು ತೀರಿಸಿದ ಹಣ ಮತ್ತೊಬ್ಬನ ಓದಿಗೆ ಒದಗಬೇಕೆಂಬುದು ಅದರ ಸೊಗಸು. ೧೯೨೫ರಲ್ಲಿ ತುಮಕೂರು ಜಿಲ್ಲೆಯಲ್ಲಿ ಜನಿಸಿದ ವಿಜ್ಞಾನಿ ರಾಜಾ ರಾಮಣ್ಣನವರು ಈ ನಿಧಿಯ ನೆರವಿನಿಂದ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಓದಿದವರು. ಪರಿಶಿಷ್ಟ ಜಾತಿ ಮತ್ತು ವರ್ಗಗಳ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಬುದ್ಧ ಯೋಜನೆಯುಂಟು. ದೇಶದೊಳಗಿನ ಆಯ್ದ ಉತ್ತಮ ಸಂಸ್ಥೆಗಳಲ್ಲಿ ಸ್ಥಳ ಪಡೆದವರಿಗೆ ೨೦೨೪ರ ನವೆಂಬರಿನಲ್ಲಿ ಮಂಜೂರಾದ ವಿದ್ಯಾಲಕ್ಷ್ಮಿ ಯೋಜನೆಯು ಅಡಮಾನವಿಲ್ಲದೆ, ಜಾಮೀನಿಲ್ಲದೆ ಬ್ಯಾಂಕ್ ಸಾಲಕ್ಕೆ ದಾರಿಮಾಡಿದೆ. ಸಾಲವು ಸಾಲವೇ, ಓದಿನ ಫಲ ಮತ್ತು ಕಂತಿನ ಮೊತ್ತಗಳೆರಡನ್ನೂ ತೂಗಿಯೇ ಸಹಿ ಹಾಕಬೇಕು.

ಇಷ್ಟು ಬಾಗಿಲುಗಳಿರುವಾಗ ಕೊರತೆ ಯಾವುದು? ಸುದ್ದಿಯ ಕೊರತೆ. ಪಟ್ಟಣದ ವಿದ್ಯಾವಂತರ ಮಗನಿಗೆ ಈ ವಿಷಯಗಳು ಊಟದ ಮನೆಯ ಮಾತಿನಲ್ಲಿಯೇ ತಿಳಿಯುವುವು. ಮನೆಯಲ್ಲಿ ಮೊದಲಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವಳಿಗೆ ಅವನ್ನು ಹೇಳುವವರು ಯಾರು? ಫಲಕಕ್ಕೆ ಅಂಟಿಸಿದ ಪ್ರಕಟಣೆ ಸಾಲದು. ಅಧ್ಯಾಪಕ ವರ್ಗದವರಾದ ನಾವು ವರ್ಷಾರಂಭದ ಮೊದಲ ವಾರದಲ್ಲಿ ಒಂದು ಗಂಟೆಯನ್ನು ಪಾಠದಿಂದ ಬಿಡಿಸಿ ಈ ಕೆಲಸಕ್ಕೆ ಕೊಡಬೇಕು. ಕೊನೆಯ ದಿನಾಂಕಕ್ಕೆ ಮುಂಚೆ ಯಾರ ಅರ್ಜಿ ಎಲ್ಲಿ ನಿಂತಿದೆಯೆಂದು ಹೆಸರು ಹಿಡಿದು ವಿಚಾರಿಸಬೇಕು. ಓದಿದ ನಾಗರಿಕರು ತಮ್ಮ ಬೀದಿಯಲ್ಲಿ, ತಮ್ಮ ಮನೆಗೆಲಸಕ್ಕೆ ಬರುವವರ ಸಂಸಾರದಲ್ಲಿ ಕಾಲೇಜು ಸೇರಿದ ಮಗು ಇದೆಯೇ ಎಂದು ಕೇಳಿ ಒಂದು ಅರ್ಜಿಯನ್ನು ತುಂಬಿಕೊಡಬಹುದು. ಹಿಂದಿನವರು ವಾರಕ್ಕೊಂದು ದಿನದ ಅನ್ನವನ್ನು ಕೊಟ್ಟರು. ವರ್ಷಕ್ಕೊಂದು ಗಂಟೆಯ ಹೊತ್ತನ್ನು ಕೊಡುವುದು ನಮಗೆ ಭಾರವಾಗಲಾರದು.

ಮೊತ್ತಗಳೂ ದಿನಾಂಕಗಳೂ ವರ್ಷದಿಂದ ವರ್ಷಕ್ಕೆ ಬದಲಾಗತಕ್ಕವು. ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ನಡೆಯುವುದು ಕ್ಷೇಮ. ಬದಲಾಗದಿರುವುದು ಒಂದೇ. ವಿದ್ಯಾರ್ಥಿವೇತನವನ್ನು ಕೇಳುವುದು ಬೇಡುವುದಲ್ಲ. ನಾಡು ತನ್ನ ನಾಳೆಗಾಗಿ ತೆಗೆದಿರಿಸಿದ ಹಣವದು. ಅದಕ್ಕೆ ಅರ್ಹರಾದವರು ತಲೆಯೆತ್ತಿ, ಹೊತ್ತಿಗೆ ಸರಿಯಾಗಿ, ಕಾಗದಪತ್ರಗಳನ್ನು ಕ್ರಮವಾಗಿಟ್ಟುಕೊಂಡು ಕೇಳಬೇಕು.