ರೊಕೊಕೊ ಶೈಲಿಯ ಗೋಪಜೀವನಚಿತ್ರಗಳೂ ಔಚಿತ್ಯವಿಚಾರವೂ

ಕ್ರಿ. ಶ. 18ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಶ್ರೀಮಂತರ ಮಂದಿರಗಳಲ್ಲಿ ಭಿತ್ತಿಗಳನ್ನೂ ಬಾಗಿಲ ಮೇಲಣ ಫಲಕಗಳನ್ನೂ ಅಲಂಕರಿಸುತ್ತಿದ್ದ ಗೋಪಜೀವನದ ಚಿತ್ರಗಳು ಕಲಾಚರಿತ್ರೆಯಲ್ಲಿ ಸ್ತುತಿಯನ್ನೂ ನಿಂದೆಯನ್ನೂ ಪಡೆದಿವೆ. ಇವುಗಳ ಶೈಲಿಗೆ ರೊಕೊಕೊ ಎಂದು ಹೆಸರು. ಉದ್ಯಾನದ ಕೃತಕಗುಹೆಗಳಲ್ಲಿ ಚಿಪ್ಪು, ಕಲ್ಲುಗಳಿಂದ ಮಾಡುತ್ತಿದ್ದ ಕೆಲಸಕ್ಕೆ ಫ್ರೆಂಚರು ‘ರೊಕಾಯ್’ ಎನ್ನುತ್ತಿದ್ದರು. ಆ ಶಬ್ದದಿಂದಲೇ ಈ ಹೆಸರು ಹುಟ್ಟಿತು. ಹುಟ್ಟಿನಿಂದಲೇ ಅಲಂಕರಣಕ್ಕೆ ಮೀಸಲಾದ ಈ ಕಲೆಯನ್ನು ಯಾವ ಪ್ರಮಾಣದಿಂದ ಅಳೆಯಬೇಕೆಂಬುದೇ ಪ್ರಕೃತ ವಿಚಾರ.

ಈ ಪ್ರಕಾರವನ್ನು ಪ್ರೌಢಿಮೆಗೆ ತಂದವರಲ್ಲಿ ಫ್ರಾನ್ಸ್ವಾ ಬೂಷೆ (1703–1770) ಅಗ್ರಗಣ್ಯನು. 1749ರಲ್ಲಿ ಅವನು ತ್ರುದೇನ್ ಎಂಬ ರಾಜಾಧಿಕಾರಿಯ ಗ್ರಾಮಾಂತರಸೌಧಕ್ಕಾಗಿ ರಚಿಸಿದ ಗ್ರೀಷ್ಮ ಮತ್ತು ಶರತ್ಕಾಲದ ಎರಡು ಚಿತ್ರಗಳು ಲಂಡನ್ನಿನ ವಾಲೆಸ್ ಸಂಗ್ರಹದಲ್ಲಿವೆ. ಶರತ್ಕಾಲದ ಚಿತ್ರದಲ್ಲಿ ಕುರಿಗಾಹಿ ಯುವಕನು ತನ್ನ ಪ್ರಿಯೆಗೆ ದ್ರಾಕ್ಷಿಯನ್ನು ತಿನ್ನಿಸುತ್ತಾನೆ. ಈ ಸಂದರ್ಭವು ಹಳ್ಳಿಯಲ್ಲಿ ಕಂಡುದಲ್ಲ. ಫವಾರ್ ಎಂಬ ನಾಟಕಕಾರನ 1745ರ ಮೂಕನಾಟಕದಿಂದ ಬಂದುದು. ಇಂತಹ ಚಿತ್ರಗಳಲ್ಲಿ ಕುರಿಗಾಹಿಗಳು ಬರಿಗಾಲಿನವರಾದರೂ ರೇಷ್ಮೆಯನ್ನುಟ್ಟಿರುವುದುಂಟು. ನೀಲಿ ಬೆರೆತ ಹಸುರಿನ ಮರಗಳು ರಂಗದ ಪರದೆಯಂತೆ ಹಿಂದೆ ನಿಲ್ಲುತ್ತವೆ. ಶ್ರಮವೂ ಇಲ್ಲ, ಮಳೆಬಿಸಿಲಿನ ಬಾಧೆಯೂ ಇಲ್ಲ.

ವಿಮರ್ಶಕನಾದ ದಿದೆರೊ 1761ರ ಪ್ಯಾರಿಸ್ ಚಿತ್ರಪ್ರದರ್ಶನವನ್ನು ಕುರಿತು ಬರೆಯುವಾಗ ಬೂಷೆಯ ಕೌಶಲವನ್ನೊಪ್ಪಿಯೂ, ಅವನಲ್ಲಿ ಸತ್ಯವಿಲ್ಲವೆಂದು ಆಕ್ಷೇಪಿಸಿದನು. ಗ್ರಾಮಜೀವನದ ಯಥಾರ್ಥವನ್ನು ಅರಸುವವರಿಗೆ ಈ ಆಕ್ಷೇಪಣೆ ನಿರಾಧಾರವಲ್ಲ. ಆದರೆ ಈ ಚಿತ್ರವು ಗ್ರಾಮದ ಪ್ರತಿಬಿಂಬವಾಗಲು ಹೊರಟುದೇ ಅಲ್ಲ; ಅದು ಸೌಧದ ಆಭರಣ. ಸ್ಥಾನ ತಪ್ಪಿದ ಆಭರಣವು ಹಾಸ್ಯಾಸ್ಪದವಾಗುವುದೆಂಬುದು ಕ್ಷೇಮೇಂದ್ರನ ಮತ. ಆದಕಾರಣ ಇಲ್ಲಿ ಔಚಿತ್ಯವೇ ಮೊದಲ ಪ್ರಮಾಣವೆನ್ನಬೇಕು.

ಇದಕ್ಕೆ ಬೂಷೆಯ ಶಿಷ್ಯನಾದ ಫ್ರಾಗೊನಾರನ (1732–1806) ಕೃತಿಯೇ ನಿದರ್ಶನ. ಹದಿನೈದನೆಯ ಲೂಯಿಯ ಪ್ರೇಯಸಿ ದ್ಯು ಬಾರಿಯ ಲೂವ್ಸಿಯೆನ್ ವಿಹಾರಮಂದಿರಕ್ಕಾಗಿ ಅವನು 1771–72ರಲ್ಲಿ ಪ್ರೇಮದ ನಾಲ್ಕು ಘಟ್ಟಗಳನ್ನು ಬೃಹತ್ಪಟಗಳಲ್ಲಿ ಚಿತ್ರಿಸಿದನು. ಇಲ್ಲಿ ಕುರಿಮಂದೆಯ ಬಯಲು ಹೋಗಿ ಉದ್ಯಾನ ಬಂದಿದೆ. ಮುಗಿಲಿನಂತೆ ಉಬ್ಬಿದ ವೃಕ್ಷಗಳು, ಹೂಗೊಂಚಲುಗಳು, ಶಿಲಾಮೂರ್ತಿಗಳು ಪ್ರಣಯಿಗಳ ಭಾವವನ್ನೇ ಅನುಸರಿಸುತ್ತವೆ. ಆದರೂ ಆ ಪಟಗಳು ಹಿಂದಿರುಗಿದವು. ಆ ಸ್ಥಾನಕ್ಕೆ ವಿಯೆನ್ ಎಂಬವನ ಗ್ರೀಕ್ ರೀತಿಯ ಚಿತ್ರಗಳು ಬಂದವು. ಕಟ್ಟಡವನ್ನು ಲೆದೂ ಎಂಬ ಶಿಲ್ಪಿಯು ಪ್ರಾಚೀನರ ಸರಳರೇಖೆಗಳ ರೀತಿಯಲ್ಲಿ ನಿರ್ಮಿಸಿದ್ದನು. ಅದರೊಡನೆ ಫ್ರಾಗೊನಾರನ ಶೈಲಿ ಹೊಂದಲಿಲ್ಲವೆಂಬುದು ಅನೇಕ ವಿದ್ವಾಂಸರ ಊಹೆ. ಚಿತ್ರಕಾರನ ಕೈ ಕುಂದಲಿಲ್ಲ, ಗೋಡೆಯೇ ಬದಲಾಗಿತ್ತು.

ಆದರೆ ಔಚಿತ್ಯವೊಂದೇ ಸರ್ವಸ್ವವಾಗಿದ್ದರೆ ಆ ಪಟಗಳು ಅಂದೇ ಅಳಿಯಬೇಕಾಗಿತ್ತು. ಫ್ರಾಗೊನಾರನು 1790ರಲ್ಲಿ ಅವುಗಳನ್ನು ತನ್ನ ಹುಟ್ಟೂರಾದ ಗ್ರಾಸಿಗೆ ಒಯ್ದು, ಬಂಧುವಿನ ಮನೆಯಲ್ಲಿರಿಸಿ, ಮತ್ತಷ್ಟು ಪಟಗಳನ್ನು ಸೇರಿಸಿದನು. 1915ರಲ್ಲಿ ಫ್ರಿಕ್ ಎಂಬ ಧನಿಕನು ಕೊಂಡ ಅವು ನ್ಯೂಯಾರ್ಕಿನ ಅವನ ಸಂಗ್ರಹದಲ್ಲಿ, ತಮಗೆಂದೇ ಸಜ್ಜುಗೊಳಿಸಿದ ಕೋಣೆಯಲ್ಲಿವೆ. ಸ್ಥಾನವು ಆಭರಣಕ್ಕೆ ಶೋಭೆಯನ್ನು ಕೊಡುವುದು ನಿಜ. ಆದರೆ ಅಪ್ಪಟ ಚಿನ್ನವು ಸ್ಥಾನ ತಪ್ಪಿದರೂ ಬೆಲೆಗೆಡದು.