ದ್ರಾಕ್ಷಿ ಮಾಪಕದಲ್ಲಿ ಜಾಮೂನಿನ ಪಾಕ

ಚಿಕ್ಕಬಳ್ಳಾಪುರ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ‘ಬ್ರಿಕ್ಸ್’ ಹೊಸ ಮಾತಲ್ಲ. ಬೆಂಗಳೂರು ನೀಲಿಯೋ ದಿಲ್‌ಖುಷ್ಶೋ ಕೊಯ್ಲಿಗೆ ಬಂತೇ ಎಂದು ತಿಳಿಯಲು ಗೇಣುದ್ದದ ಒಂದು ಕೊಳವೆಯನ್ನು ಕಣ್ಣಿಗೆ ಹಿಡಿದು ನೋಡುವುದುಂಟು. ಅದೇ ರಿಫ್ರಾಕ್ಟೋಮೀಟರ್. ತೋಟದ ಈ ಉಪಕರಣ ಅಡುಗೆಮನೆಗೆ ಬಂದರೆ ಗುಲಾಬ್ ಜಾಮೂನಿನ ಪಾಕವನ್ನೂ ಅಳೆಯಬಲ್ಲದು.

ಅದರ ತುದಿಯಲ್ಲಿ ಓರೆಯಾಗಿ ಕೂರಿಸಿದ ಗಾಜಿನ ಪಟ್ಟಕ ಇರುತ್ತದೆ. ಅದರ ಮೇಲೆ ಎರಡು ಹನಿ ರಸ ಬಿಟ್ಟು ಮುಚ್ಚಳ ಮುಚ್ಚಿ ಬೆಳಕಿನತ್ತ ಹಿಡಿದರೆ ಒಳಗೆ ಮೇಲ್ಭಾಗ ನೀಲಿ, ಕೆಳಭಾಗ ಬಿಳಿ ಕಾಣುತ್ತದೆ. ಎರಡೂ ಸೇರುವ ಗೆರೆ ಯಾವ ಅಂಕಿಯ ಮೇಲಿದೆಯೋ ಅದೇ ಬ್ರಿಕ್ಸ್, ಅಂದರೆ ತೂಕದಲ್ಲಿ ನೂರಕ್ಕೆ ಎಷ್ಟು ಪಾಲು ಸಕ್ಕರೆ ಎಂಬ ಲೆಕ್ಕ. ದ್ರಾವಣದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಬೆಳಕು ಹೆಚ್ಚು ಬಾಗುತ್ತದೆ: ನೀರಿನ ವಕ್ರೀಭವನ ಸೂಚ್ಯಂಕ 1.333, ನೂರಕ್ಕೆ 60 ಪಾಲು ಸಕ್ಕರೆಯಿರುವ ಪಾಕದ್ದು 1.442. ಜರ್ಮನಿಯ ಅರ್ನ್ಸ್ಟ್ ಅಬ್ಬೆ 1874ರಲ್ಲಿ ವಿವರಿಸಿದ ಉಪಕರಣದ್ದೂ ಇದೇ ತತ್ವ.

ಸಮತೂಕದ ಸಕ್ಕರೆ, ನೀರು ಬೆರೆಸಿದರೆ 50 ಬ್ರಿಕ್ಸ್. ಕುದಿಸುತ್ತ ಹೋದಂತೆ ನೀರು ಆವಿಯಾಗಿ ಅಂಕಿ ಏರುತ್ತದೆ. ಜಾಮೂನಿಗೆ 50ರಿಂದ 60 ಸಾಕು. ಬೆರಳಿಗೆ ಅಂಟಿದರೆ ಆಯಿತು, ಎಳೆ ಬರಬೇಕಾಗಿಲ್ಲ. ಒಂದೆಳೆ ಬರುವ ಹೊತ್ತಿಗೆ ಅದು 70ರ ಆಸುಪಾಸಿಗೆ ಮುಟ್ಟಿರುತ್ತದೆ. ಕೋಣೆಯ ಉಷ್ಣತೆಯಲ್ಲಿ ನೀರು ಹಿಡಿದಿಡಬಲ್ಲ ಸಕ್ಕರೆ ಸುಮಾರು 67 ಬ್ರಿಕ್ಸ್ ಮಾತ್ರ. ಅದನ್ನು ಮೀರಿದ ಪಾಕ ಆರಿದ ಮೇಲೆ ಹರಳುಗಟ್ಟುತ್ತದೆ. ನಿಂಬೆರಸದ ನಾಲ್ಕು ಹನಿ ಹಾಕುವುದು ಅದಕ್ಕೇ: ಆಮ್ಲವು ಸಕ್ಕರೆಯ ಒಂದಿಷ್ಟು ಅಣುಗಳನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯುತ್ತದೆ, ಅವು ಹರಳು ಕಟ್ಟುವುದಕ್ಕೆ ಅಡ್ಡ ಬರುತ್ತವೆ.

ಪಾಕ ನೋಡಲು ಥರ್ಮಾಮೀಟರ್ ಸಾಲದೇ? ಪುಸ್ತಕಗಳು ಹೇಳುವ ಉಷ್ಣತೆ ಸಮುದ್ರಮಟ್ಟದ್ದು. ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿ ಸೆಲ್ಸಿಯಸ್ ಹತ್ತಿರ. ಒಂದೆಳೆಗೆ 105 ಡಿಗ್ರಿ ಎಂದು ನಂಬಿ ಅಲ್ಲಿಯವರೆಗೆ ಕಾಯಿಸಿದರೆ ಪಾಕ 75 ಬ್ರಿಕ್ಸಿನತ್ತ ಹೋಗಿ ಕೆಡುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಎಳೆ ಎಳೆದು ನೋಡುವ ಅಜ್ಜಿಯರಿಗೆ ಈ ತೊಡಕಿಲ್ಲ. ಎಳೆ ಹುಟ್ಟುವುದು ಸಾಂದ್ರತೆಯಿಂದ. ಬೆಟ್ಟದ ಮೇಲಾದರೂ ಕಡಲ ತೀರದಲ್ಲಾದರೂ ಲೆಕ್ಕ ಒಂದೇ. ಆ ಬೆರಳ ಪರೀಕ್ಷೆಯನ್ನು ಅಂದಾಜು ಎಂದು ಕಡೆಗಣಿಸುವುದು ತಪ್ಪು.

ದ್ರಾಕ್ಷಿಗೆ ಬಳಸುವ ಮಾಪಕದ ಅಂಕಿ ಸಾಮಾನ್ಯವಾಗಿ 32ಕ್ಕೆ ನಿಲ್ಲುತ್ತದೆ. ಅದಕ್ಕೂ ಉಪಾಯವಿದೆ. ಹತ್ತು ಗ್ರಾಂ ಪಾಕಕ್ಕೆ ಹತ್ತು ಗ್ರಾಂ ನೀರು ಬೆರೆಸಿ, ಪೂರ್ತಿ ಆರಿಸಿ ನೋಡಿ ಎರಡರಿಂದ ಗುಣಿಸಬೇಕು. 28 ತೋರಿಸಿದರೆ ಮೂಲ ಪಾಕ 56.

ಇಷ್ಟೆಲ್ಲ ಎಚ್ಚರ ಏಕೆಂದರೆ ಜಾಮೂನು ಮೆತ್ತಗಾಗುವುದೂ ಮುದುಡುವುದೂ ಈ ಅಂಕಿಯ ಮೇಲಿದೆ. ಖೋವಾಕ್ಕೆ ಸ್ವಲ್ಪ ಮೈದಾ, ಚಿಟಿಕೆ ಸೋಡಾ ಸೇರಿಸಿ ಕಟ್ಟಿದ ಉಂಡೆ ಸಣ್ಣ ಉರಿಯಲ್ಲಿ ಬೇಯುವಾಗ ಒಳಗೆ ಆವಿ, ಇಂಗಾಲದ ಡೈಆಕ್ಸೈಡ್ ಹುಟ್ಟಿ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ಹಾಲಿನ ಸಕ್ಕರೆ ಮತ್ತು ಪ್ರೋಟೀನ್ ಕೂಡಿ ಕಂದು ಬಣ್ಣ ಕೊಡುತ್ತವೆ. ಉರಿ ಜೋರಾದರೆ ಮೇಲೆ ಕಪ್ಪಾಗಿ, ಒಳಗೆ ಹಿಟ್ಟು ಹಸಿಯಾಗಿಯೇ ಉಳಿದು, ಪಾಕಕ್ಕೆ ದಾರಿ ಇಲ್ಲವಾಗುತ್ತದೆ.

ಬಿಸಿ ಉಂಡೆ ಪಾಕಕ್ಕೆ ಬಿದ್ದು ತಣಿಯುವಾಗ ರಂಧ್ರಗಳೊಳಗಿನ ಆವಿ ನೀರಾಗಿ ಕುಗ್ಗುತ್ತದೆ, ಉಂಡೆ ಆ ಜಾಗಕ್ಕೆ ಪಾಕವನ್ನು ಎಳೆದುಕೊಳ್ಳುತ್ತದೆ. ಪಾಕ ತೀರ ಗಟ್ಟಿಯಿದ್ದರೆ ಆಗುವುದೇ ಬೇರೆ: ಸಕ್ಕರೆ ಒಳಹೋಗುವುದಕ್ಕಿಂತ ಬೇಗ ಉಂಡೆಯ ನೀರು ಹೊರಗೆ ಬಂದು ಮೈ ಸುಕ್ಕುಗಟ್ಟುತ್ತದೆ. ತಣ್ಣನೆಯ ಪಾಕವೂ ಬೇಡ. 20 ಡಿಗ್ರಿಯಲ್ಲಿ 60 ಬ್ರಿಕ್ಸ್ ಪಾಕದ ಸ್ನಿಗ್ಧತೆ ನೀರಿನ ಸುಮಾರು 58 ಪಟ್ಟು. 60 ಡಿಗ್ರಿಗೆ ಕಾಯಿಸಿದರೆ ಅದು ಆರರಲ್ಲಿ ಒಂದು ಪಾಲಿಗೆ ಇಳಿದು ಸಲೀಸಾಗಿ ಹರಿಯುತ್ತದೆ. ಹಾಗೆಂದು ಕುದಿಯುತ್ತಿರುವ ಪಾಕಕ್ಕೆ ಹಾಕಿದರೆ ಉಂಡೆ ಒಡೆಯುತ್ತದೆ. ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ, ಅಗಲವಾದ ಪಾತ್ರೆಯಲ್ಲಿ ಒಂದರ ಮೇಲೊಂದು ಬೀಳದಂತೆ ಬಿಡಿ. ಎರಡು ಗಂಟೆಯಾದರೂ ಮುಟ್ಟಬೇಡಿ.